ಬ್ರೇಕು ಒತ್ತಿದಾಗ ನಡುಗುವ ವಾಹನ: ದೋಷವನ್ನು ಗುರುತಿಸುವ ಕ್ರಮ

ಎತ್ತು ಕುಂಟಹತ್ತಿದರೆ ಒಕ್ಕಲಿಗನು ಅದನ್ನು ಆ ಹೊತ್ತಿಗೇ ನೊಗದಿಂದ ಬಿಚ್ಚುತ್ತಾನೆ. ಗೊರಸನ್ನು ಎತ್ತಿ ನೋಡುತ್ತಾನೆ. ಲಾಳವು ಸಡಿಲವಾಗಿದೆಯೋ, ಮುಳ್ಳು ಮುರಿದಿದೆಯೋ, ಕೀಲು ಉಳುಕಿದೆಯೋ ಎಂಬುದನ್ನು ತಿಳಿಯದೆ ಮತ್ತೆ ಹೂಡುವುದಿಲ್ಲ. ಅದೇ ಒಕ್ಕಲಿಗನು ತನ್ನ ಟ್ರ್ಯಾಕ್ಟರಾಗಲಿ ಸರಕುಗಾಡಿಯಾಗಲಿ ಬ್ರೇಕು ಒತ್ತಿದೊಡನೆ ಗಡಗಡನೆ ನಡುಗುತ್ತಿದ್ದರೂ ಸುಗ್ಗಿ ಮುಗಿಯುವವರೆಗೆ ಅದನ್ನು ಓಡಿಸುತ್ತಲೇ ಇರುತ್ತಾನೆ. "ಅದರ ಚಾಳಿನ ಹಂಗೈತ್ರಿ ಸಾಹೇಬ್ರ, ನಮಗ ರೂಢಿ ಆಗೇತಿ" ಎಂಬ ಉತ್ತರವನ್ನು ಈ ಲೇಖಕನು ಗಂಗಾವತಿಯ ಗದ್ದೆಬಯಲಿನಲ್ಲಿಯೂ ಕುಷ್ಟಗಿಯ ಮಸಾರಿ ಹೊಲಗಳಲ್ಲಿಯೂ ಕೇಳಿರುತ್ತಾನೆ.

ಹೀಗೆ ರೂಢಿಯಾದ ಒಂದು ಟ್ರ್ಯಾಕ್ಟರಿನ ಸಂಗತಿಯನ್ನು ಮೊದಲು ಹೇಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ, ಮುಂಗಾರಿನ ನೆಲ್ಲು ಕೊಯ್ದು ಮುಗಿದು ಕಾಲುವೆಯಲ್ಲಿ ನೀರು ನಿಂತಿದ್ದ ದಿನಗಳಲ್ಲಿ, ಹುಲ್ಲಿನ ಬಣವೆ ಒಟ್ಟುವ ಕೆಲಸ ಮುಗಿಸಿದ ಐದಾರು ಮಂದಿ ಕೂಲಿ ಹೆಂಗಸರನ್ನು ಬರಿದಾದ ಟ್ರೇಲರಿನಲ್ಲಿ ಕೂರಿಸಿಕೊಂಡು ಒಬ್ಬ ತರುಣನು ಕಾಲುವೆಯ ದಂಡೆಯ ಮೇಲೆ ಊರಿಗೆ ಮರಳುತ್ತಿದ್ದನು. ಎದುರಿಗೆ ಕುರಿಯ ಹಿಂಡು ಬಂದಿತು. ಆತನು ಬ್ರೇಕನ್ನು ಬಲವಾಗಿ ಒತ್ತಿದನು. ಎಡಗಾಲಿ ಮಾತ್ರ ಹಿಡಿಯಿತು, ಬಲಗಾಲಿ ಉರುಳಿತು, ಟ್ರ್ಯಾಕ್ಟರು ಎಡಕ್ಕೆ ತಿರುಗಿ ಬತ್ತಿದ ಕಾಲುವೆಯೊಳಗೆ ಇಳಿಯಿತು, ಟ್ರೇಲರು ಮಗುಚಿತು. ನೀರಿದ್ದಿದ್ದರೆ ಆಗುತ್ತಿದ್ದುದನ್ನು ಊಹಿಸಬಹುದು. ಒಬ್ಬಾಕೆಯ ಮುಂಗೈ ಮುರಿದು, ಎರಡನೆಯ ಬೆಳೆಯ ನಾಟಿಯ ಕೂಲಿಯೆಲ್ಲವೂ ಆಕೆಗೆ ತಪ್ಪಿತು. ಆ ಟ್ರ್ಯಾಕ್ಟರನ್ನು ಬಿಚ್ಚಿದಾಗ ಬಲಗಡೆಯ ಬ್ರೇಕಿನ ತಟ್ಟೆಗಳೆಲ್ಲವೂ ಅಚ್ಚಿನಿಂದ ಸೋರಿದ ಎಣ್ಣೆಯಲ್ಲಿ ನೆನೆದಿದ್ದುವು. ಹದಿನೈದು ದಿವಸಗಳಿಂದ ಅದು ಬ್ರೇಕು ಒತ್ತಿದಾಗಲೆಲ್ಲ ನಡುಗುತ್ತಿತ್ತೆಂದು ತರುಣನೇ ಒಪ್ಪಿಕೊಂಡನು. ನಡುಕವು ಬಲಗಡೆಯ ಜಾರಿಕೆಯನ್ನೂ ಎಡಗಡೆಯ ಅತಿಹಿಡಿತವನ್ನೂ ಅಷ್ಟು ದಿವಸ ಸಾರುತ್ತಲೇ ಇತ್ತು, ಕೇಳುವವರಿರಲಿಲ್ಲ.

ಈ ಲೇಖನದಲ್ಲಿ, ಅಂಥ ನಡುಕವನ್ನು ಗಾಲಿ ಬಿಚ್ಚುವುದಕ್ಕೆ ಮುಂಚೆಯೇ ಹೇಗೆ ಓದಿಕೊಳ್ಳಬೇಕು, ಅದರಿಂದ ದೋಷದ ಸ್ಥಳವನ್ನು ಹೇಗೆ ಗೊತ್ತುಮಾಡಬೇಕು ಎಂಬುದನ್ನು ವಿವರಿಸಲಾಗುವುದು. ರಿಪೇರಿಯು ಬಲ್ಲ ಮೇಸ್ತ್ರಿಯ ಕೆಲಸ. ಆದರೆ ಮೇಸ್ತ್ರಿಯ ಬಳಿಗೆ ಹೋಗಿ "ಗಾಡಿ ನಡುಗುತ್ತದೆ" ಎಂದಷ್ಟೇ ಹೇಳುವವನಿಗೂ, "ಅರವತ್ತರ ವೇಗದಲ್ಲಿ, ಬಿಸಿಯಾದ ಮೇಲೆ, ಸ್ಟೇರಿಂಗಿನಲ್ಲಿ ನಡುಗುತ್ತದೆ" ಎಂದು ಹೇಳುವವನಿಗೂ ಖರ್ಚಿನಲ್ಲಿ ಬಹಳ ಅಂತರ ಬೀಳುತ್ತದೆ.

ನಡುಕವು ಹುಟ್ಟುವ ಬಗೆ

ಬ್ರೇಕೆಂಬುದು ವಾಹನದ ಓಟವನ್ನು ಬಿಸಿಯನ್ನಾಗಿ ಮಾರ್ಪಡಿಸುವ ಸಾಧನ. ಈ ಬಿಸಿಯು ಎಷ್ಟೆಂಬುದನ್ನು ಜನರು ಸಾಮಾನ್ಯವಾಗಿ ಅರಿಯರು. ಸರಕು ಸಹಿತ 3,000 ಕಿಲೋಗ್ರಾಂ ತೂಗುವ ಗಾಡಿಯು ತಾಸಿಗೆ 60 ಕಿಲೋಮೀಟರು ವೇಗದಿಂದ ಒಮ್ಮೆ ಪೂರ್ತಿಯಾಗಿ ನಿಂತರೆ, 20 ಡಿಗ್ರಿಯ ಒಂದೂಕಾಲು ಲೀಟರು ತಣ್ಣೀರನ್ನು ಕುದಿಗೆ ತರುವಷ್ಟು ಶಾಖವು ಬ್ರೇಕುಗಳಲ್ಲಿ ಹುಟ್ಟುತ್ತದೆ. ವೇಗವು 40ರಿಂದ 60ಕ್ಕೆ ಏರಿದರೆ ಶಾಖವು ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸುತ್ತದೆ. ಸಂತೆಯ ದಿವಸ ಹೆಚ್ಚು ಹೇರಿ, ಹೆಚ್ಚು ವೇಗದಲ್ಲಿ, ಮೇಲಿಂದ ಮೇಲೆ ಬ್ರೇಕು ಒತ್ತುವವನ ಗಾಲಿಗಳು ಸುಡುವುದು ಆಶ್ಚರ್ಯವಲ್ಲ.

ಈ ಬಿಸಿಯನ್ನು ಹೊರತಕ್ಕ ಭಾಗಗಳು ಎರಡು ಬಗೆ. ಡಿಸ್ಕ್ ಎಂಬುದು ರೊಟ್ಟಿ ಸುಡುವ ಹಂಚಿನಂಥ ಎರಕದ ಕಬ್ಬಿಣದ ಬಿಲ್ಲೆ. ಗಾಲಿಯೊಡನೆ ತಿರುಗುತ್ತಿರುವ ಅದನ್ನು ಎರಡು ಪ್ಯಾಡುಗಳು ಇಕ್ಕಡೆಗಳಿಂದ ಚಿಮಟದಂತೆ ಹಿಡಿಯುತ್ತವೆ. ಡ್ರಮ್ ಎಂಬುದು ಬೋಗುಣಿಯಂಥದು. ಅದರೊಳಗೆ ಬಿಲ್ಲಿನ ಆಕಾರದ ಎರಡು ಶೂಗಳು ಅಗಲಿಕೊಂಡು ಒಳಗೋಡೆಗೆ ಒತ್ತುತ್ತವೆ. ಬಿಲ್ಲೆಯ ದಪ್ಪವು ಸುತ್ತಲೂ ಒಂದೇ ಆಗಿ, ಬೋಗುಣಿಯು ನಿಜವಾಗಿ ದುಂಡಗಿದ್ದು, ಎರಡೂ ತಮ್ಮ ನಡುವಿನ ಮೇಲೆ ನೆಟ್ಟಗೆ ಕೂತಿದ್ದರೆ ಹಿಡಿತವು ಸಮವಾಗಿರುತ್ತದೆ. ಕುಂಬಾರನ ತಿಗರಿಯ ಮೇಲೆ ನಡುತಪ್ಪಿ ಕೂತ ಮಣ್ಣಿನ ಮುದ್ದೆಯು ಸುತ್ತಿಗೊಮ್ಮೆ ಕೈಯನ್ನು ತಳ್ಳುವುದುಂಟಲ್ಲವೆ? ದಪ್ಪ ತೆಳುವಾದ ಡಿಸ್ಕೂ ಮೊಟ್ಟೆಯಾಕಾರಕ್ಕೆ ತಿರುಗಿದ ಡ್ರಮ್ಮೂ ಹಾಗೆಯೇ ಸುತ್ತಿಗೊಮ್ಮೆ ಅಥವಾ ಎರಡು ಸಲ ಪ್ಯಾಡನ್ನೋ ಶೂವನ್ನೋ ತಳ್ಳುತ್ತವೆ. ಆ ತಳ್ಳಿಕೆಯೇ ನಮ್ಮ ಕಾಲಿಗೆ ಬಂದು ತಟ್ಟುವ ನಡುಕ.

ಡಿಸ್ಕಿನ ದಪ್ಪದಲ್ಲಿ ಒಂದು ಮಿಲಿಮೀಟರಿನ ನೂರನೆಯ ಎರಡು ಭಾಗದಷ್ಟು, ಅಂದರೆ ತಲೆಗೂದಲಿಗಿಂತಲೂ ತೆಳುವಾದ ವ್ಯತ್ಯಾಸವಿದ್ದರೂ ಚಾಲಕನಿಗೆ ತಿಳಿಯುವಷ್ಟು ನಡುಕ ಹುಟ್ಟಬಲ್ಲುದು. ಆದುದರಿಂದ ಕಣ್ಣಿಗೆ ನಯವಾಗಿ ಕಂಡಿತೆಂದು ಡಿಸ್ಕನ್ನು ನಿರ್ದೋಷಿಯೆಂದು ಬಿಡಲಾಗದು. ಗ್ಯಾರೇಜುಗಳಲ್ಲಿ "ಡಿಸ್ಕ್ ಬೆಂಡಾಗಿದೆ" ಎಂಬ ಮಾತು ಸರ್ವೇಸಾಮಾನ್ಯ. ನಿಜಸ್ಥಿತಿಯಲ್ಲಿ ಅದು ಬಾಗಿರುವುದಕ್ಕಿಂತಲೂ ಅಸಮವಾಗಿ ಸವೆದಿರುವುದು, ಇಲ್ಲವೆ ಅತಿಯಾಗಿ ಕಾಯ್ದ ಪ್ಯಾಡಿನ ಪದಾರ್ಥವು ಒಂದೆಡೆ ಅಂಟಿಕೊಂಡಿರುವುದು ಹೆಚ್ಚು. ಈ ಭೇದವು ಪಂಡಿತರ ವಾದವಲ್ಲ. ಅಸಮವಾಗಿ ಸವೆಯುವುದಕ್ಕೆ ಕಾರಣವು ಡಿಸ್ಕಿನ ಹಿಂದೆ ಅಡಗಿದ್ದರೆ ಹೊಸ ಡಿಸ್ಕೂ ಕೆಲವು ಸಾವಿರ ಕಿಲೋಮೀಟರುಗಳಲ್ಲಿ ಅದೇ ಗತಿಯನ್ನು ಹೊಂದುವುದು.

ಮೊದಲು ಗಾಲಿಯನ್ನು ತೊಳೆಯಿರಿ

ಪರೀಕ್ಷೆಗೆ ಮುಂಚೆ ಒಂದು ಕೆಲಸವುಂಟು. ಯಲಬುರ್ಗಾ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಗಾಲಿಯ ರಿಮ್ಮಿನ ಒಳಮಗ್ಗುಲಿಗೆ ಹೆಂಟೆಹೆಂಟೆಯಾಗಿ ಅಂಟಿ, ಒಣಗಿ, ಕಲ್ಲಿನಂತಾಗುತ್ತದೆ. ಅಂಥ ಗಾಡಿಯು ಡಾಂಬರು ರಸ್ತೆಗೆ ಹತ್ತಿದೊಡನೆ ಕುಣಿಯುತ್ತದೆ. ಬ್ರೇಕಿಗೂ ಇದಕ್ಕೂ ಸಂಬಂಧವಿಲ್ಲ. ಗಾಲಿಯ ಒಂದು ಮಗ್ಗುಲು ಭಾರವಾಗಿರುವುದೇ ಕಾರಣ. ಒಂದು ಕಬ್ಬಿಣದ ಪಟ್ಟಿಯಿಂದ ಕೆರೆದು ತೊಳೆದರೆ ಮುಗಿಯಿತು.

ತೊಳೆಯುವುದೆಂದರೆ ಬಿಸಿ ಗಾಡಿಯನ್ನು ಕಾಲುವೆಗೆ ಇಳಿಸುವುದಲ್ಲ. ಕೆಂಡದಂತೆ ಕಾಯ್ದ ಡಿಸ್ಕಿಗೂ ಡ್ರಮ್ಮಿಗೂ ಒಮ್ಮೆಗೇ ತಣ್ಣೀರು ಸೋಂಕಿದರೆ ಎರಕವು ಸೊಟ್ಟಾಗುವುದು, ಕೆಲವು ವೇಳೆ ಬಿರುಕು ಬಿಡುವುದು. ಅರ್ಧ ತಾಸು ನೆರಳಿನಲ್ಲಿ ನಿಲ್ಲಿಸಿ, ಕೊಡದ ನೀರಿನಿಂದ ತೊಳೆಯತಕ್ಕದ್ದು. ಕೆಳಗಿನ ಊರುಗಳ ದನಕರುಗಳು ಕುಡಿಯುವ ನೀರಿಗೆ ಗ್ರೀಸನ್ನೂ ಎಣ್ಣೆಯನ್ನೂ ಬಿಡುವುದು ಬೇರೆಯೇ ಒಂದು ಅಪರಾಧ.

ಗುರುತಿನ ಕ್ರಮ

ತೊಳೆದ ಮೇಲೆ, ಸರಕಿಲ್ಲದೆ, ಜನಸಂಚಾರವಿಲ್ಲದ ನೆಟ್ಟನೆಯ ಸಮತಟ್ಟಾದ ರಸ್ತೆಯಲ್ಲಿ ಗಾಡಿಯನ್ನು ಓಡಿಸಿ ನೋಡತಕ್ಕದ್ದು. ಮೊದಲನೆಯ ಪ್ರಶ್ನೆ: ಬ್ರೇಕನ್ನು ಮುಟ್ಟದಿರುವಾಗಲೂ ನಡುಕವುಂಟೋ? ಉಂಟಾದರೆ ಟೈರಿನ ಉಬ್ಬು, ಗಾಲಿಯ ಸಮತೂಕ, ವೀಲ್ ಬೇರಿಂಗು, ಓಡುವ ಶಾಫ್ಟು ಇವುಗಳನ್ನು ಮೊದಲು ನೋಡತಕ್ಕದ್ದು. ಬ್ರೇಕನ್ನು ಬಿಚ್ಚುವುದು ವ್ಯರ್ಥ. ಬ್ರೇಕು ಒತ್ತಿದಾಗ ಮಾತ್ರ ಹುಟ್ಟಿ, ಬಿಟ್ಟೊಡನೆ ಅಡಗಿದರೆ ಮುಂದಕ್ಕೆ ಹೋಗಬಹುದು.

ಎರಡನೆಯದಾಗಿ, ನಡುಕವು ಎಲ್ಲಿಗೆ ಬರುತ್ತದೆ? ಸ್ಟೇರಿಂಗು ಕೈಯಲ್ಲಿ ಎಡಬಲಕ್ಕೆ ಅಲುಗಿದರೆ ದೋಷವು ಬಹುಶಃ ಮುಂದಿನ ಗಾಲಿಗಳದು. ಸ್ಟೇರಿಂಗು ಸ್ಥಿರವಾಗಿದ್ದು ಆಸನವೂ ನೆಲಹಲಗೆಯೂ ಅದುರಿದರೆ ಹಿಂದಿನ ಗಾಲಿಗಳದು. ಪೆಡಲ್ಲು ಮಾತ್ರ ಪಾದದ ಕೆಳಗೆ ಏರಿಳಿಯುತ್ತಿದ್ದರೆ ಡಿಸ್ಕಿನ ದಪ್ಪವಾಗಲಿ ಡ್ರಮ್ಮಿನ ದುಂಡಾಗಲಿ ಕೆಟ್ಟಿದೆಯೆಂದು ಅನುಮಾನಿಸಬೇಕು. ಗಾಡಿಯು ನಡುಗುವುದರೊಂದಿಗೆ ಒಂದು ಮಗ್ಗುಲಿಗೆ ಎಳೆದರೆ, ಒಂದು ಕಡೆಯ ಹಿಡಿತವು ಎಣ್ಣೆಯಿಂದ ಜಾರುತ್ತಿರಬೇಕು, ಇಲ್ಲವೆ ಇನ್ನೊಂದು ಕಡೆಯ ಚಿಮಟವು ತುಕ್ಕು ಹಿಡಿದು ಸಿಕ್ಕಿಕೊಂಡಿರಬೇಕು. ಈ ಎಳೆತವು ನಡುಕಕ್ಕಿಂತ ಅಪಾಯಕರ. ಅಂಥ ಗಾಡಿಯನ್ನು ಆ ದಿವಸವೇ ನಿಲ್ಲಿಸತಕ್ಕದ್ದು.

ಮೂರನೆಯ ಗುರುತು ಬಹಳ ಉಪಯುಕ್ತವಾದುದು, ಆದರೆ ಕಡಿಮೆ ಜನರಿಗೆ ತಿಳಿದಿದೆ. ನಡುಕದ ತಾಳವನ್ನು ಲಕ್ಷ್ಯವಿಟ್ಟು ಎಣಿಸಿರಿ. ಗಾಲಿಯ ಸುತ್ತಳತೆಯು 2 ಮೀಟರೆಂದು ಇಟ್ಟುಕೊಂಡರೆ, ತಾಸಿಗೆ 72 ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ 10 ಸುತ್ತು ತಿರುಗುತ್ತದೆ. 36ರ ವೇಗದಲ್ಲಿ 5 ಸುತ್ತು. ದೋಷವು ಡಿಸ್ಕಿನಲ್ಲಿಯೋ ಡ್ರಮ್ಮಿನಲ್ಲಿಯೋ ಇದ್ದರೆ ವೇಗ ಇಳಿದಂತೆ ತಾಳವೂ ವಿಳಂಬವಾಗುತ್ತ, ನಿಲ್ಲುವ ಹೊತ್ತಿಗೆ ಧಬ್, ಧಬ್ ಎಂದು ಎಣಿಸುವಂತಾಗುತ್ತದೆ. ವೇಗ ಇಳಿದರೂ ತಾಳವು ಬದಲಾಗದೆ, ಜಲ್ಲಿಯ ಮೇಲೆಯೋ ಒದ್ದೆ ರಸ್ತೆಯಲ್ಲಿಯೋ ಬಲವಾಗಿ ಒತ್ತಿದಾಗ ಮಾತ್ರ ಪೆಡಲ್ಲು ಗಿರ್ರೆಂದು ಅದುರಿದರೆ, ಅದು ಈಚಿನ ವಾಹನಗಳಲ್ಲಿರುವ ಎ.ಬಿ.ಎಸ್. ಎಂಬ ವ್ಯವಸ್ಥೆಯ ಕೆಲಸ. ಗಾಲಿಯು ಕಟ್ಟಿಹಾಕಿದಂತೆ ನಿಂತು ಜಾರದಿರಲೆಂದು ಅದು ಹಿಡಿತವನ್ನು ಸಡಿಲಿಸಿ ಬಿಗಿಯುತ್ತಿರುತ್ತದೆ. ಅದು ರೋಗವಲ್ಲ, ಹೆದರಿ ಕಾಲು ತೆಗೆಯಬಾರದು. ಇನ್ನು, ತಾಳವೇ ಇಲ್ಲದೆ ಒಮ್ಮೆ ಧಡಕ್ಕೆಂದು ಹೊಡೆದು ಸುಮ್ಮನಾದರೆ ಎಲ್ಲಿಯೋ ಸಡಿಲವಿದೆ ಎಂದರ್ಥ. ಕಮಾನುಪಟ್ಟಿಯ ಯು-ಬೋಲ್ಟು, ಮುಂದಿನ ಅಚ್ಚಿನ ಪಿನ್ನು, ಟ್ರೇಲರಿನ ಹುಕ್ಕು ಇವು ಅಂಥ ಸ್ಥಳಗಳು.

ಮುಂಜಾನೆ ತಣ್ಣಗಿರುವಾಗ ಸರಿಯಾಗಿದ್ದು ಹತ್ತಾರು ಸಲ ಬ್ರೇಕು ಒತ್ತಿದ ಮೇಲೆ ನಡುಗುವ ಗಾಡಿಯೂ ಉಂಟು, ಮುಂಜಾನೆ ನಡುಗಿ ಆಮೇಲೆ ಸರಿಹೋಗುವುದೂ ಉಂಟು. ಹಿಂದಿನದು ಶಾಖದಿಂದ ಕೆಟ್ಟ ಡಿಸ್ಕು ಡ್ರಮ್ಮುಗಳ ಲಕ್ಷಣ. ಮುಂದಿನದು ರಾತ್ರಿಯ ತೇವದಿಂದ ಹತ್ತಿದ ತೆಳುತುಕ್ಕು. ನಾಲ್ಕು ಸಲ ಒತ್ತಿದರೆ ಅಳಿಸಿಹೋಗುತ್ತದೆ.

ಹಿಂದೋ ಮುಂದೋ ಎಂಬ ಸಂಶಯವು ಉಳಿದರೆ, ಹ್ಯಾಂಡ್‌ಬ್ರೇಕು ಹಿಂದಿನ ಗಾಲಿಗಳನ್ನು ಹಿಡಿಯುವ ಗಾಡಿಗಳಲ್ಲಿ, ತಾಸಿಗೆ 30 ಕಿಲೋಮೀಟರು ವೇಗದಲ್ಲಿ ಅದರ ಗುಂಡಿಯನ್ನು ಒತ್ತಿಯೇ ಹಿಡಿದು ಮೆಲ್ಲಮೆಲ್ಲನೆ ಎಳೆಯತಕ್ಕದ್ದು. ಆಗ ನಡುಗಿದರೆ ಹಿಂದಿನ ಡ್ರಮ್ಮುಗಳೇ ದೋಷಿಗಳು. ಇದನ್ನು ಬಯಲಿನಲ್ಲಿ, ಒಬ್ಬನೇ ಇದ್ದಾಗ ಮಾತ್ರ ಮಾಡತಕ್ಕದ್ದು. ಒಮ್ಮೆಲೆ ಎಳೆದರೆ ಗಾಡಿ ಅಡ್ಡ ತಿರುಗುವುದು.

ಕುಷ್ಟಗಿಯ ಪಿಕಪ್ ಗಾಡಿ

ದಾಳಿಂಬೆಯ ಪೆಟ್ಟಿಗೆಗಳನ್ನು ಸಾಗಿಸುವ ಒಂದು ಪಿಕಪ್ ಗಾಡಿಯು ಸೋಲಾಪುರ–ಚಿತ್ರದುರ್ಗ ಹೆದ್ದಾರಿಯಲ್ಲಿ ವೇಗವನ್ನು ಇಳಿಸುವಾಗಲೆಲ್ಲ ಸ್ಟೇರಿಂಗು ಕೈಬಿಟ್ಟು ಹಾರುವಂತೆ ನಡುಗುತ್ತಿತ್ತು. ಒಡೆಯನು ಮೊದಲು ಪ್ಯಾಡುಗಳನ್ನು ಬದಲಾಯಿಸಿದನು. ತಿಂಗಳೊಪ್ಪತ್ತು ಸುಖ. ಮತ್ತೆ ನಡುಕ. ಡಿಸ್ಕುಗಳನ್ನು ಲೇತಿಗೆ ಹಾಕಿಸಿದನು. ಮತ್ತೆ ನಡುಕ. ಕಡೆಗೆ ಹೊಸ ಡಿಸ್ಕುಗಳನ್ನೇ ಕೊಂಡನು. ಮೂರು ತಿಂಗಳು ತಡೆಯಿತು. ನಾಲ್ಕನೆಯ ಸಲ ಒಬ್ಬ ಹಿರಿಯ ಮೇಸ್ತ್ರಿಯು ಡಿಸ್ಕನ್ನು ತೆಗೆದು ಬದಿಗಿಟ್ಟು, ಅದು ಕೂತಿದ್ದ ಹಬ್ಬಿನ ಮುಖವನ್ನು ಬೆರಳಿನಿಂದ ಸವರಿ ನೋಡಿದನು. ಅಲ್ಲಿ ತುಕ್ಕಿನ ಹೊಪ್ಪಳೆಯೂ ಒಣಗಿದ ಮಣ್ಣೂ ಒಂದು ಮಗ್ಗುಲಿಗೆ ಗಟ್ಟಿಯಾಗಿ ಕೂತಿದ್ದುವು. ಅಷ್ಟೇ. ಹಳೆಯ ಡಿಸ್ಕೂ ಹೊಸ ಡಿಸ್ಕೂ ಅದರ ಮೇಲೆಯೇ ಓರೆಯಾಗಿ ಕೂತು, ಸುತ್ತಿಗೊಮ್ಮೆ ಪ್ಯಾಡಿಗೆ ಸವರಿಕೊಂಡು, ಅಲ್ಲಿಯೇ ತೆಳುವಾಗುತ್ತ ಬಂದಿದ್ದುವು. ತಂತಿಯ ಬ್ರಶ್ಶಿನಿಂದ ಹಬ್ಬನ್ನು ಉಜ್ಜಿ, ಡಿಸ್ಕನ್ನು ಸಮಮಾಡಿ ಕೂರಿಸಿದ ಮೇಲೆ ಆ ರೋಗವು ತೀರಿತು. ನಟ್ಟುಗಳ ಬಿಗಿತವೂ ಆ ಗಾಡಿಯಲ್ಲಿ ಒಂದರಂತೆ ಒಂದಿರಲಿಲ್ಲವೆಂಬುದನ್ನು ಹೇಳಲೇಬೇಕು. ರಸ್ತೆಯ ಬದಿಯಲ್ಲಿ ಪಂಕ್ಚರು ಹಾಕಿಸಿದಾಗ ಪಾನಾದ ಮೇಲೆ ಹತ್ತಿ ನಿಂತು ಒಂದು ನಟ್ಟನ್ನು ಬಿಗಿದು ಇನ್ನೊಂದನ್ನು ಹಾಗೆಯೇ ಬಿಡುವುದು ನಮ್ಮ ಕಡೆಯ ಪದ್ಧತಿ. ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ, ತಯಾರಕರ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ತರತಕ್ಕದ್ದು. 50–100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡತಕ್ಕದ್ದು.

ಡಿಸ್ಕಿನ ಓರೆಯನ್ನು ಅಳೆಯುವುದಕ್ಕೆ ಡಯಲ್ ಗೇಜ್ ಎಂಬ ಗಡಿಯಾರದಂಥ ಉಪಕರಣವುಂಟು. ಅದನ್ನು ಹಚ್ಚಿ ನೋಡದೆ "ಡಿಸ್ಕ್ ಹೋಗಿದೆ" ಎನ್ನುವ ಮೇಸ್ತ್ರಿಗೆ ಹಣ ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು. ಲೇತಿಗೆ ಹಾಕಿಸುವಾಗಲೂ ಒಂದು ಮಿತಿಯಿದೆ: ಡಿಸ್ಕಿನ ಕನಿಷ್ಠ ದಪ್ಪವನ್ನೂ ಡ್ರಮ್ಮಿನ ಗರಿಷ್ಠ ಒಳವ್ಯಾಸವನ್ನೂ ಸಾಮಾನ್ಯವಾಗಿ ಅವುಗಳ ಮೇಲೆಯೇ ಅಚ್ಚೊತ್ತಿರುತ್ತಾರೆ. ಆ ಮಿತಿಯನ್ನು ದಾಟಿ ಕೆತ್ತಿದುದು ಬೇಗ ಕಾಯುತ್ತದೆ, ಬೇಗ ಬಿರಿಯುತ್ತದೆ. ಬದಲಾಯಿಸುವುದಾದರೆ ಒಂದೇ ಅಚ್ಚಿನ ಎರಡೂ ಕಡೆಗಳಲ್ಲಿ ಬದಲಾಯಿಸತಕ್ಕದ್ದು. ಎಡಕ್ಕೆ ಹೊಸದು ಬಲಕ್ಕೆ ಹಳೆಯದು ಎಂಬ ಮಿತವ್ಯಯವು ಗಾಡಿಯನ್ನು ಮಗ್ಗುಲಿಗೆ ಎಳೆಯುವುದು.

ಡ್ರಮ್ಮುಗಳು ದುಂಡು ತಪ್ಪುವುದಕ್ಕೆ ನಮ್ಮವರೇ ಮಾಡುವ ಒಂದು ತಪ್ಪು ಕಾರಣವಾಗುತ್ತದೆ. ದೂರದಿಂದ ಭಾರ ಹೊತ್ತು ಬಂದ ಗಾಡಿಯನ್ನು ನಿಲ್ಲಿಸಿ, ಡ್ರಮ್ಮು ಸುಡುತ್ತಿರುವಾಗಲೇ ಹ್ಯಾಂಡ್‌ಬ್ರೇಕನ್ನು ಬಿಗಿಯಾಗಿ ಎಳೆದು ಮಲಗಲು ಹೋಗುತ್ತಾರೆ. ಎರಡು ಕಡೆ ಶೂಗಳು ಒತ್ತಿ ಹಿಡಿದಿರುವಾಗ ಆರುವ ಎರಕವು ಆ ಆಕಾರಕ್ಕೇ ನಿಲ್ಲುವ ಸಂಭವವುಂಟು. ಸಮತಟ್ಟಾದ ಸ್ಥಳದಲ್ಲಿ ಗೇರಿನಲ್ಲಿ ನಿಲ್ಲಿಸಿ, ಗಾಲಿಗೆ ಮರದ ದಿಮ್ಮಿ ಕೊಟ್ಟು, ಆರಿದ ಮೇಲೆ ಹ್ಯಾಂಡ್‌ಬ್ರೇಕು ಎಳೆಯುವುದು ಲೇಸು. ದಿಮ್ಮಿಯ ಬದಲು ಕಲ್ಲು ಇಟ್ಟವರು ಹೊರಡುವಾಗ ಅದನ್ನು ರಸ್ತೆಯಲ್ಲಿಯೇ ಬಿಟ್ಟು ಹೋಗುತ್ತಾರೆ. ಕತ್ತಲೆಯಲ್ಲಿ ಬರುವ ಮೋಟಾರು ಸೈಕಲ್ಲಿನವನಿಗೆ ಅದು ಯಮನಾಗುತ್ತದೆ.

ಗಂಗಾವತಿಯ ಟ್ರ್ಯಾಕ್ಟರು

1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಗಂಗಾವತಿ ಕಾರಟಗಿಗಳ ಬಯಲನ್ನು ಭತ್ತದ ಸೀಮೆಯನ್ನಾಗಿ ಮಾಡಿತು. ಈ ಭತ್ತವೇ ಇಲ್ಲಿಯ ಟ್ರ್ಯಾಕ್ಟರಿನ ಬ್ರೇಕಿಗೆ ಮುಖ್ಯ ಶತ್ರು. ಒಣಬೇಸಾಯದ ಯಲಬುರ್ಗಾದಲ್ಲಿ ವರ್ಷಗಟ್ಟಲೆ ತೊಂದರೆ ಕೊಡದ ಯಂತ್ರವು ಇಲ್ಲಿ ಎರಡು ಕೆಸರುಹಂಗಾಮುಗಳಲ್ಲಿಯೇ ನಡುಗುವುದುಂಟು. ಕೇಜ್‌ವೀಲ್ ಕಟ್ಟಿ ಕೆಸರು ಹದಮಾಡುವಾಗ ಹಿಂದಿನ ಅಚ್ಚಿನ ಕೊಳವೆಯು ತಾಸುಗಟ್ಟಲೆ ರಾಡಿಯಲ್ಲಿ ಆಡುತ್ತದೆ. ಅಚ್ಚಿನ ಸೀಲಿನ ಅಂಚನ್ನು ಮರಳು ತಿನ್ನುತ್ತದೆ. ಒಳಗಿನ ಎಣ್ಣೆ ಹೊರಕ್ಕೂ ಹೊರಗಿನ ರಾಡಿ ಒಳಕ್ಕೂ ದಾರಿ ಮಾಡಿಕೊಳ್ಳುತ್ತವೆ.

ಟ್ರ್ಯಾಕ್ಟರಿನ ಬ್ರೇಕುಗಳು ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಇರುವುದು ಸಾಮಾನ್ಯ. ಹಳೆಯ ಮಾದರಿಗಳಲ್ಲಿ ಒಣ ತಟ್ಟೆಗಳಿರುತ್ತವೆ. ಇವನ್ನು ಡ್ರೈ ಬ್ರೇಕು ಎನ್ನುತ್ತಾರೆ. ಇಲ್ಲಿ ಎಣ್ಣೆ ಸೋಂಕಿದರೆ ಜಾರಿಕೆ. ರಾಡಿ ಸೇರಿ ಒಳಗಿನ ಗುಂಡುಗಳಿಗೂ ಅವುಗಳ ಇಳಿಜಾರು ಕುಳಿಗಳಿಗೂ ತುಕ್ಕು ಹತ್ತಿದರೆ ಸಿಕ್ಕಿಕೊಂಡು ಬಿಡುವ ಹಿಡಿತ. ಈ ಹಿಡಿದು ಬಿಡುವ ಆಟವೇ ನಡುಕ. ಮುಂಚೆ ಹೇಳಿದ ತರುಣನ ಟ್ರ್ಯಾಕ್ಟರು ಈ ಜಾತಿಯದು. ಈಚಿನವುಗಳಲ್ಲಿ ತಟ್ಟೆಗಳು ಎಣ್ಣೆಯಲ್ಲಿಯೇ ಮುಳುಗಿರುತ್ತವೆ. ಕೆಸರಿನ ಸೀಮೆಗೆ ಈ ಆಯಿಲ್ ಬ್ರೇಕೇ ಮೇಲು. ಆದರೆ ಅದಕ್ಕೂ ಒಂದು ನಿಯಮವಿದೆ. ಅದರೊಳಗಿನ ಎಣ್ಣೆಯು ಬರಿಯ ಗೇರುಗಳ ಎಣ್ಣೆಯಲ್ಲ. ಬ್ರೇಕಿನ ತಟ್ಟೆಗಳು ಕಿರಿಚದೆ ಅದುರದೆ ಹಿಡಿಯುವಂತೆ ಕೆಲವು ದ್ರವ್ಯಗಳನ್ನು ಬೆರಸಿ ತಯಾರಿಸಿದುದು. ಅಗ್ಗವೆಂದು ಬೇರೆ ಎಣ್ಣೆಯನ್ನು ಸುರಿದರೆ ಹೊಸ ಟ್ರ್ಯಾಕ್ಟರೂ ಗರಗರನೆ ನಡುಗಹತ್ತುವುದು. ಆಗ ತಟ್ಟೆಗಳನ್ನು ಬದಲಾಯಿಸುವ ಮುಂಚೆ ಎಣ್ಣೆಯ ಮಟ್ಟವನ್ನೂ ಜಾತಿಯನ್ನೂ ವಿಚಾರಿಸತಕ್ಕದ್ದು. ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ.

ಟ್ರ್ಯಾಕ್ಟರಿಗೆ ಎಡಬಲಗಳೆಂದು ಎರಡು ಬ್ರೇಕ್ ಪೆಡಲ್ಲುಗಳಿರುವುದು ಹೊಲದ ಮೂಲೆಯಲ್ಲಿ ಚಿಕ್ಕದಾಗಿ ತಿರುಗುವುದಕ್ಕಾಗಿ. ರಸ್ತೆಗೆ ಬರುವಾಗ ಅವೆರಡನ್ನೂ ಕೂಡಿಸುವ ಚಿಲಕವನ್ನು ಹಾಕಲೇಬೇಕು. ಮೇಲೆ ಹೇಳಿದ ಅಪಘಾತದಲ್ಲಿ ಆ ಚಿಲಕವೂ ತೆರೆದಿತ್ತು. ಚಿಲಕ ಹಾಕಿದರೂ ಎರಡು ಪೆಡಲ್ಲುಗಳ ಸಡಿಲವು ಸಮವಾಗಿರದಿದ್ದರೆ ಒಂದು ಗಾಲಿ ಮೊದಲು ಹಿಡಿಯುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ: ಟ್ರೇಲರನ್ನು ಬಿಚ್ಚಿ, ಚಿಲಕ ಹಾಕಿ, ಒಣಗಿದ ಸಮನೆಲದ ಮೇಲೆ ತಾಸಿಗೆ 10–15 ಕಿಲೋಮೀಟರು ವೇಗದಲ್ಲಿ ಒಮ್ಮೆ ಬಲವಾಗಿ ಒತ್ತಿ, ಇಳಿದು ಹೋಗಿ ನೆಲದ ಮೇಲಿನ ಗೀರುಗಳನ್ನು ನೋಡತಕ್ಕದ್ದು. ಎರಡು ಗೀರುಗಳೂ ಒಂದೇ ಉದ್ದವಾಗಿದ್ದರೆ ಹೊಂದಿಕೆ ಸರಿ. ಒಂದು ಕಡೆ ಗೀರು, ಇನ್ನೊಂದು ಕಡೆ ಟೈರಿನ ಅಚ್ಚು ಮಾತ್ರ ಇದ್ದರೆ ಆ ಟ್ರ್ಯಾಕ್ಟರು ಭಾರ ಎಳೆಯತಕ್ಕದ್ದಲ್ಲ. ನೆಲವೇ ಬರೆದು ಕೊಡುವ ಈ ಸಾಕ್ಷಿಗೆ ಕಾಸೂ ಖರ್ಚಿಲ್ಲ.

ಬ್ರೇಕಿಲ್ಲದ ಮುಂದಿನ ಗಾಲಿಗಳು ನಡುಗುವುದೇಕೆಂದು ಕೆಲವರು ಕೇಳುವರು. ಬ್ರೇಕು ಒತ್ತಿದಾಗ ಭಾರವು ಮುಂದಕ್ಕೆ ವಾಲುತ್ತದೆ. ಆಗ ಮುಂದಿನ ಅಚ್ಚಿನ ನಡುಪಿನ್ನಾಗಲಿ ಟೈರಾಡ್‌ನ ಗುಂಡುಕೀಲಾಗಲಿ ಸವೆದಿದ್ದರೆ ಗಾಲಿಯು ತಲೆಯಾಡಿಸುತ್ತದೆ. ಜಾಕು ಕೊಟ್ಟು ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಬೇರಿಂಗಿನ ಸಡಿಲವೂ, ಎಡಬಲಕ್ಕೆ ಅಲುಗಿಸಿದರೆ ಟೈರಾಡಿನ ಸಡಿಲವೂ ಗೊತ್ತಾಗುತ್ತವೆ.

ಟ್ರೇಲರಿನ ದೂಡಿಕೆ

ಎಲ್ಲವನ್ನೂ ಸರಿಪಡಿಸಿದರೂ ಹೇರು ಹೊತ್ತಾಗ ಮಾತ್ರ ಧಡಧಡನೆ ಹೊಡೆಯುವ ಟ್ರ್ಯಾಕ್ಟರಿನಲ್ಲಿ ದೋಷವು ಹಿಂದೆ ಕಟ್ಟಿದ ಟ್ರೇಲರಿನದೇ. ಟ್ರೇಲರಿನ ಮೂಕಿಯ ತುದಿಯ ಬಳೆಯೂ ಅದನ್ನು ಹಿಡಿದ ಪಿನ್ನೂ ಸವೆದು ಬೆರಳು ತೂರುವಷ್ಟು ಸಂದು ಬಿದ್ದಿರುತ್ತದೆ. ಬ್ರೇಕು ಒತ್ತಿದಾಗ ಟ್ರ್ಯಾಕ್ಟರು ತಡೆಯುತ್ತದೆ, ಟ್ರೇಲರು ಆ ಸಂದಿನಷ್ಟು ಮುಂದಕ್ಕೆ ಓಡಿಬಂದು ಗುದ್ದಿ ಹಿಂದಕ್ಕೆ ಎಗರುತ್ತದೆ, ಮತ್ತೆ ಗುದ್ದುತ್ತದೆ. ಇದಕ್ಕೆ ಗಾಲಿಯ ತಾಳವಿಲ್ಲ. ಪಿನ್ನಿನ ಬದಲು ಸಿಕ್ಕಿದ ಬೋಲ್ಟನ್ನೋ ಕಬ್ಬಿಣದ ಸಲಾಕೆಯನ್ನೋ ತೂರಿಸುವವರು ಈ ಗುದ್ದಿಕೆಯನ್ನು ತಾವೇ ಸೃಷ್ಟಿಸಿಕೊಳ್ಳುತ್ತಾರೆ.

ಗುದ್ದಿಕೆಯ ಬಲವೆಷ್ಟೆಂಬುದಕ್ಕೆ ಒಂದು ಸ್ಥೂಲವಾದ ಲೆಕ್ಕ. ಟ್ರ್ಯಾಕ್ಟರು 2 ಟನ್ನು, ಬರಿದಾದ ಟ್ರೇಲರು 1½ ಟನ್ನು, 75 ಕಿಲೋಗ್ರಾಮಿನ 80 ಚೀಲ ನೆಲ್ಲು 6 ಟನ್ನು. ಒಟ್ಟು 9½ ಟನ್ನು. ತಾಸಿಗೆ 25 ಕಿಲೋಮೀಟರು ವೇಗದಲ್ಲಿ ಟ್ರ್ಯಾಕ್ಟರೊಂದೇ 6 ಮೀಟರಿನಲ್ಲಿ ನಿಲ್ಲುತ್ತದೆಂದು ಹಿಡಿಯೋಣ. ಟ್ರೇಲರಿಗೆ ಸ್ವಂತ ಬ್ರೇಕಿಲ್ಲದಿದ್ದರೆ ಅದೇ ಬ್ರೇಕಿನ ಬಲವು ನಾಲ್ಕು ಮುಕ್ಕಾಲು ಪಟ್ಟು ಭಾರವನ್ನು ನಿಲ್ಲಿಸಬೇಕು. ದೂರವು 28 ಮೀಟರನ್ನು ಮೀರುತ್ತದೆ. ಚಾಲಕನು ಕಂಡು ಕಾಲಿಡುವ ಹೊತ್ತಿನ ದೂರವು ಇದರಲ್ಲಿ ಸೇರಿಲ್ಲ. ಎರಡು ಗಾಲಿಯ ಟ್ರೇಲರಾದರೆ ಅದರ ಭಾರದ ಒಂದಂಶವು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಬಿದ್ದು ಅವು ನೆಲವನ್ನು ತುಸು ಹೆಚ್ಚು ಕಚ್ಚಬಹುದು; ನಾಲ್ಕು ಗಾಲಿಯದರಲ್ಲಿ ಆ ಅನುಕೂಲವೂ ಇಲ್ಲ. ತಿರುವಿನಲ್ಲಿ ಒತ್ತಿದರಂತೂ ಟ್ರೇಲರು ಪಕ್ಕದಿಂದ ನೂಕಿ, ಅಡಕತ್ತರಿಯ ತೋಳುಗಳು ಮಡಚಿಕೊಳ್ಳುವಂತೆ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ.

ನಮ್ಮ ಕಡೆ ಓಡುವ ಅನೇಕ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಇದ್ದವುಗಳಲ್ಲಿಯೂ ಅದರ ತಂತಿಯನ್ನು ಬಿಚ್ಚಿಟ್ಟಿರುವುದುಂಟು. ಹೊಸ ಟ್ರೇಲರು ಮಾಡಿಸುವವರು ಬಣ್ಣಕ್ಕೂ ಹೆಸರು ಬರೆಯಿಸುವುದಕ್ಕೂ ಕೊಡುವ ಗಮನವನ್ನು ಮೊದಲು ಬ್ರೇಕಿಗೆ ಕೊಡಲೆಂದು ಈ ಲೇಖಕನ ಕೋರಿಕೆ. ಇಲ್ಲದ ಟ್ರೇಲರನ್ನು ಎಳೆಯುವವನು ಸೇತುವೆಯ ಇಳುಕಲಿಗೆ ಮುಂಚೆಯೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ತಡೆಯಿಂದಲೇ ಇಳಿಯತಕ್ಕದ್ದು. ಡೀಸೆಲು ಉಳಿಯುವುದೆಂದು ನ್ಯೂಟ್ರಲ್ ಮಾಡಿ ಬಿಡುವುದು ಹಗ್ಗ ಹರಿದ ಬಂಡಿಯಲ್ಲಿ ಕೂತಂತೆ. ನೆಲ್ಲಿನ ಚೀಲಗಳ ಮೇಲೆಯೂ ಮೂಕಿಯ ಮೇಲೆಯೂ ಮಡ್‌ಗಾರ್ಡಿನ ಮೇಲೆಯೂ ಆಳುಗಳನ್ನು ಕೂರಿಸಬಾರದು. ನಡುಗುವ ಗಾಡಿಯಲ್ಲಿ ಮೊದಲು ಉದುರುವವರು ಅವರೇ.

ರಿಪೇರಿಯಾದ ಮೇಲೆ

ಡ್ರಮ್ಮನ್ನು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ಮೇಲೆ ಮಾರಕವಾಗುತ್ತವೆ. ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಯಲ್ಲಿ ಕಾಯಿಸಿ ಮತ್ತೆ ಹಾಕುವ ಪದ್ಧತಿಯೂ ನಿಲ್ಲತಕ್ಕದ್ದು. ಒಳಗೆ ಇಂಗಿದ ಎಣ್ಣೆಯು ಮೊದಲನೆಯ ದೊಡ್ಡ ಬಿಸಿಗೆ ಮತ್ತೆ ಹೊರಬರುತ್ತದೆ. ಸೋರುವ ಸೀಲನ್ನು ಬದಲಾಯಿಸದಿದ್ದರೆ ಹೊಸ ಲೈನಿಂಗಿಗೂ ಅದೇ ಗತಿ.

ಹೊಸ ಪ್ಯಾಡು, ಹೊಸ ಲೈನಿಂಗುಗಳು ಎದುರಿನ ಕಬ್ಬಿಣದೊಡನೆ ಹೊಂದಿಕೊಳ್ಳುವುದಕ್ಕೆ ಸಮಯ ಬೇಕು. ಮೊದಲ 200–300 ಕಿಲೋಮೀಟರು ಹಗುರಾಗಿ ಹೇರಿ, ಮೆತ್ತಗೆ ಒತ್ತಿ, ನಡುನಡುವೆ ಆರಗೊಡತಕ್ಕದ್ದು. ಮೊದಲ ದಿವಸವೇ ಪೂರ್ತಿ ಹೇರಿ ಓಡಿಸಿ ಕಾಯಿಸಿದರೆ ಪ್ಯಾಡಿನ ಪದಾರ್ಥವು ಡಿಸ್ಕಿಗೆ ತೇಪೆತೇಪೆಯಾಗಿ ಅಂಟಿ, ವಾರದೊಳಗೆ ಹಳೆಯ ನಡುಕವೇ ಮರಳುತ್ತದೆ. ಬರಿಗಾಡಿಯಲ್ಲಿ ಒಮ್ಮೆ, ಅರ್ಧ ಹೇರಿನಲ್ಲಿ ಒಮ್ಮೆ ಓಡಿಸಿ ಬಂದು, ನಾಲ್ಕು ಗಾಲಿಗಳ ನಡುವಿನ ಬಳಿಗೂ ಹಿಂಗೈಯನ್ನು ಮುಟ್ಟಿಸದೆ ಸಮೀಪ ಹಿಡಿದು ಬಿಸಿಯನ್ನು ಹೋಲಿಸಿ ನೋಡಿರಿ. ಒಂದೇ ಅಚ್ಚಿನ ಎರಡು ಗಾಲಿಗಳಲ್ಲಿ ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ, ಪೂರ್ತಿ ಹೇರುವ ಮುಂಚೆ ಗಾಡಿಯನ್ನು ಅದೇ ಮೇಸ್ತ್ರಿಯ ಮುಂದೆ ಮತ್ತೆ ನಿಲ್ಲಿಸತಕ್ಕದ್ದು.